ಹಿಮಸಾರಂಗ ದಾಟಿದ ಗಡಿಯನ್ನು ಭೂಮಿಯ ಹಕ್ಕು ದಾಟಲಿಲ್ಲ

2023ರ ಫೆಬ್ರವರಿ 23ರಂದು ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಒಂದಷ್ಟು ಯುವಕ ಯುವತಿಯರು ಇಂಧನ ಸಚಿವಾಲಯದ ಒಳಗೆ ಹೋಗಿ ನೆಲದ ಮೇಲೆ ಕೂತುಬಿಟ್ಟರು. ಅವರಲ್ಲಿ ಬಹಳಷ್ಟು ಮಂದಿ ಸಾಮಿಗಳು, ಅಂದರೆ ಉತ್ತರ ಯುರೋಪಿನ ಮೂಲನಿವಾಸಿಗಳು. ಆ ದಿನವನ್ನು ಸುಮ್ನೆ ಆರಿಸಿಕೊಂಡಿರಲಿಲ್ಲ. ಸರಿಯಾಗಿ 500 ದಿನಗಳ ಹಿಂದೆ, 2021ರ ಅಕ್ಟೋಬರ್ 11ರಂದು, ಅಲ್ಲಿನ ಸುಪ್ರೀಂ ಕೋರ್ಟ್ ಸಾಮಿಗಳ ಪರವಾಗಿ ತೀರ್ಪು ಕೊಟ್ಟಿತ್ತು. ಫೋಸೆನ್ ಎಂಬಲ್ಲಿ ಅವರ ಹಿಮಸಾರಂಗಗಳು ಮೇಯುವ ಗುಡ್ಡಗಳ ಮೇಲೆ 151 ಗಾಳಿಯಂತ್ರಗಳು ಎದ್ದಿದ್ದವು. ಚಿತ್ರದುರ್ಗದ ಗುಡ್ಡಗಳ ಮೇಲೆ ನಾವು ನೋಡುತ್ತೇವಲ್ಲ, ಅಂಥವೇ. ಅವಕ್ಕೆ ಕೊಟ್ಟ ಪರವಾನಗಿ ಸಾಮಿಗಳ ಸಂಸ್ಕೃತಿಯ ಹಕ್ಕನ್ನು ಕಸಿಯುತ್ತದೆ, ಆದ್ದರಿಂದ ಅದು ಊರ್ಜಿತವಲ್ಲ ಎಂದು 11 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದರು. ತೀರ್ಪು ಬಂದು ವರ್ಷ ಕಳೆದರೂ ಗಾಳಿಯಂತ್ರಗಳು ತಿರುಗುತ್ತಲೇ ಇದ್ದವು.

ಕೆಲವು ದಿನಗಳಲ್ಲಿ ಗ್ರೇಟಾ ಥನ್‌ಬರ್ಗ್ ಬಂದು ಜೊತೆಗೆ ಕೂತರು. ಪೊಲೀಸರು ಆಕೆಯನ್ನು ಎತ್ತಿಕೊಂಡು ಹೋಗುವ ಫೋಟೋ ಜಗತ್ತೆಲ್ಲ ಓಡಾಡಿತು. ಪರಿಸರ ಹೋರಾಟಗಾರ್ತಿ ಗಾಳಿ ವಿದ್ಯುತ್ತಿನ ವಿರುದ್ಧ ಯಾಕೆ ಕೂತಿದ್ದಾರೆ ಎಂದು ಎಲ್ಲರೂ ಕೇಳಿದರು. ನನಗೆ ಕುತೂಹಲ ಹುಟ್ಟಿದ್ದು ಬೇರೆ ವಿಷಯಕ್ಕೆ. ಆಕೆ ಸ್ವೀಡನ್ ದೇಶದವರು. ನಾರ್ವೆಯ ಸರ್ಕಾರ, ನಾರ್ವೆಯ ಕೋರ್ಟು, ನಾರ್ವೆಯ ಗುಡ್ಡ. ಪಕ್ಕದ ಮನೆಯವರಿಗೆ ಇಲ್ಲೇನು ಕೆಲಸ?

ಕೆಲಸ ಇದೆ, ಅದೂ ಸುಮಾರು 270 ವರ್ಷಗಳಿಂದ. ಸಾಮಿಗಳು ತಮ್ಮ ನಾಡನ್ನು ಸಾಪ್ಮಿ ಎನ್ನುತ್ತಾರೆ. ಅದು ನಾರ್ವೆ, ಸ್ವೀಡನ್, ಫಿನ್‌ಲೆಂಡ್ ದೇಶಗಳ ಉತ್ತರ ಭಾಗ ಮತ್ತು ರಷ್ಯಾದ ಕೋಲಾ ಪರ್ಯಾಯ ದ್ವೀಪದ ಮೇಲೆ ಹರಡಿದೆ. ಒಟ್ಟು ಜನ ಒಂದು ಲಕ್ಷದ ಒಳಗೆ ಎಂದು ಅಂದಾಜು. ಅರ್ಧದಷ್ಟು ಮಂದಿ ನಾರ್ವೆಯಲ್ಲಿದ್ದಾರೆ, ರಷ್ಯಾದಲ್ಲಿ ಎರಡು ಸಾವಿರದಷ್ಟು. ಒಂದೇ ಜನ, ನಾಲ್ಕು ಸರ್ಕಾರ. ಹಾಗಾಗಿ ಒಂದು ದೇಶ ಸಾಮಿಗಳ ವಿಷಯದಲ್ಲಿ ಏನೇ ಮಾಡಿದರೂ ಪಕ್ಕದ ದೇಶಕ್ಕೆ ಅದು ತಟ್ಟುತ್ತದೆ. ಹೇಗೆ ತಟ್ಟುತ್ತದೆ, ಯಾವುದು ಗಡಿ ದಾಟುತ್ತದೆ, ಯಾವುದು ದಾಟದೆ ನಿಲ್ಲುತ್ತದೆ ಎನ್ನುವುದೇ ಈ ಲೇಖನದ ವಿಷಯ. ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಭಯ ಬೇಗ ದಾಟುತ್ತದೆ. ನಾಚಿಕೆಯೂ ದಾಟುತ್ತದೆ, ಸ್ವಲ್ಪ ನಿಧಾನವಾಗಿ. ಭೂಮಿಯ ಹಕ್ಕಿನ ಮಾತು ಬಂದಾಗ ಮಾತ್ರ ಪ್ರತಿ ದೇಶವೂ ಬಾಗಿಲು ಹಾಕಿಕೊಳ್ಳುತ್ತದೆ.

ಶುರುವಾದದ್ದು ಚೆನ್ನಾಗಿಯೇ. 1751ರಲ್ಲಿ ಸ್ವೀಡನ್ ಮತ್ತು ಆಗಿನ ಡೆನ್ಮಾರ್ಕ್-ನಾರ್ವೆ ರಾಜ್ಯ ಸ್ಟ್ರೋಮ್‌ಸ್ಟಾಡ್ ಎಂಬ ಊರಲ್ಲಿ ಗಡಿ ಒಪ್ಪಂದ ಮಾಡಿಕೊಂಡವು. ಅಲ್ಲಿಯವರೆಗೆ ಉತ್ತರದ ಆ ಬೆಟ್ಟಸಾಲಿನಲ್ಲಿ ಗಡಿಯೇ ಸರಿಯಾಗಿ ಇರಲಿಲ್ಲ. ಸಾಮಿಗಳು ಚಳಿಗಾಲದಲ್ಲಿ ಒಳನಾಡಿನ ಕಾಡಲ್ಲಿ, ಬೇಸಿಗೆಯಲ್ಲಿ ನಾರ್ವೆಯ ಕಡಲ ಕಡೆ ಹಿಂಡು ಹೊಡೆದುಕೊಂಡು ಓಡಾಡುತ್ತಿದ್ದರು. ಉತ್ತರ ಕರ್ನಾಟಕದ ಕುರಿಗಾಹಿಗಳು ಮಳೆ, ಹುಲ್ಲು ನೋಡಿಕೊಂಡು ಜಿಲ್ಲೆಯಿಂದ ಜಿಲ್ಲೆಗೆ ಹೋಗುತ್ತಾರಲ್ಲ, ಆ ಥರ. ಅಂಥ ಜನರ ನಡುವೆ ಗೆರೆ ಎಳೆದರೆ ಏನಾಗಬಹುದು ಎಂದು ಆಗಿನ ಅಧಿಕಾರಿಗಳು ಯೋಚಿಸಿದ್ದರು ಎನ್ನುವುದೇ ಆಶ್ಚರ್ಯ. ಒಪ್ಪಂದಕ್ಕೆ ಒಂದು ಅನುಬಂಧ ಸೇರಿಸಿದರು. ಲ್ಯಾಪ್ ಕೊಡಿಸಿಲ್ ಎಂದು ಅದರ ಹೆಸರು. ಲ್ಯಾಪ್ ಎನ್ನುವುದು ಸಾಮಿಗಳಿಗೆ ಹೊರಗಿನವರು ಇಟ್ಟ ಹೆಸರು, ಈಗ ಅದನ್ನು ಬೈಗುಳವೆಂದೇ ತಿಳಿಯುತ್ತಾರೆ. ಹೆಸರು ಏನೇ ಇರಲಿ, ಅದರ 30 ಕಲಂಗಳಲ್ಲಿ ಇದ್ದದ್ದು ಮಾತ್ರ ಗಟ್ಟಿ ಮಾತು. ಸಾಮಿಗಳು ಹಿಂದಿನಂತೆಯೇ ಹಿಂಡಿನ ಜೊತೆ ಗಡಿ ದಾಟಬಹುದು. ತೆರಿಗೆ ಒಂದೇ ರಾಜ್ಯಕ್ಕೆ ಕಟ್ಟಿದರೆ ಸಾಕು. ಎರಡು ರಾಜ್ಯಗಳ ನಡುವೆ ಯುದ್ಧ ನಡೆದರೂ ಅವರ ಓಡಾಟಕ್ಕೆ ತಡೆ ಇಲ್ಲ.

ಯುದ್ಧ ನಡೆದರೂ! ಇವತ್ತು ಯಾವ ಎರಡು ದೇಶಗಳು ಇಂಥದ್ದನ್ನು ಬರೆದುಕೊಡುತ್ತವೆ ಹೇಳಿ. ಹಾಗಂತ ಆ ರಾಜರು ಸಾಮಿಗಳ ಮೇಲಿನ ಪ್ರೀತಿಯಿಂದ ಬರೆದರು ಅಂತಲ್ಲ. ಆಗ ಅಲ್ಲಿಗೆ ಹೋಗುತ್ತಿದ್ದ ಬೇರೆ ಜನ ಕಡಿಮೆ, ಭೂಮಿಗೆ ಪೈಪೋಟಿಯೂ ಕಡಿಮೆ ಇತ್ತು. ಪೈಪೋಟಿ ಇಲ್ಲದಿದ್ದಾಗ ಉದಾರವಾಗಿರುವುದು ಸುಲಭ.

ಪೈಪೋಟಿ 19ನೇ ಶತಮಾನದಲ್ಲಿ ಬಂತು. ಆಗ ಫಿನ್‌ಲೆಂಡ್ ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. 1852ರಲ್ಲಿ ರಷ್ಯಾ ನಾರ್ವೆ ಮತ್ತು ಫಿನ್‌ಲೆಂಡ್ ನಡುವಿನ ಗಡಿಯನ್ನು ಹಿಮಸಾರಂಗಗಳಿಗೆ ಮುಚ್ಚಿತು. ನಾರ್ವೆಯ ಕೌಟೊಕೆಯ್ನೊ ಕಡೆಯ ಹಿಂಡುಗಳಿಗೆ ಚಳಿಗಾಲದ ಮೇವು ಇದ್ದದ್ದೇ ಫಿನ್‌ಲೆಂಡಿನ ಕಾಡಿನಲ್ಲಿ. ಹಿಮದ ಕೆಳಗೆ ಬೆಳೆಯುವ ಕಲ್ಲುಹೂವು ಅಲ್ಲಿ ಸಿಗುತ್ತಿತ್ತು. ದಾರಿ ಮುಚ್ಚಿದಾಗ ಎಷ್ಟೋ ಕುಟುಂಬಗಳು ಸ್ವೀಡನ್ ಕಡೆಗೆ ಹೋಗಿ ಅಲ್ಲಿನ ಪ್ರಜೆಗಳಾದವು. ಸ್ವೀಡನ್‌ನಿಂದ ಫಿನ್‌ಲೆಂಡಿಗೆ ದಾರಿ ಇನ್ನೂ ತೆರೆದಿತ್ತು, ಅದಕ್ಕೇ. 1889ರಲ್ಲಿ ಅದೂ ಮುಚ್ಚಿತು. ಎಲ್ಲೋ ಆಗಿನ ರಷ್ಯಾದ ರಾಜಧಾನಿ ಪೀಟರ್ಸ್‌ಬರ್ಗಿನಲ್ಲಿ ಬಿದ್ದ ಒಂದು ಸಹಿ ಮೂರು ದೇಶಗಳ ಮೇವಿನ ಲೆಕ್ಕವನ್ನೇ ಕೆಡಿಸಿತು.

ನಂತರ 1905. ಅಷ್ಟರಲ್ಲಿ ಡೆನ್ಮಾರ್ಕ್ ಬಿಟ್ಟು ಸ್ವೀಡನ್ ಜೊತೆ ಸೇರಿದ್ದ ನಾರ್ವೆ ಅದರಿಂದಲೂ ಬೇರೆಯಾಯಿತು. ಹೊಸ ದೇಶಕ್ಕೆ ತನ್ನ ರೈತರು ಮುಖ್ಯ. ಬೇಸಿಗೆ ಬಂದರೆ ಸ್ವೀಡನ್ ಕಡೆಯ ಸಾರಂಗಗಳು ಬಂದು ತನ್ನ ಕರಾವಳಿಯಲ್ಲಿ ಮೇಯುವುದು ಅದಕ್ಕೆ ಇಷ್ಟವಿರಲಿಲ್ಲ. 1919ರಲ್ಲಿ ಎರಡೂ ದೇಶಗಳು ಹೊಸ ಮೇವಿನ ಒಪ್ಪಂದ ಮಾಡಿಕೊಂಡು ಗಡಿ ದಾಟುವ ಸಾರಂಗಗಳ ಸಂಖ್ಯೆಯನ್ನು ಕಡಿತ ಮಾಡಿದವು. ಮಿಕ್ಕ ಸಾರಂಗಗಳು ಎಲ್ಲಿಗೆ ಹೋಗಬೇಕು? ಸ್ವೀಡನ್ ಅಧಿಕಾರಿಗಳು ಉತ್ತರದ ಸಾಮಿ ಕುಟುಂಬಗಳನ್ನು ಹಿಂಡಿನ ಸಮೇತ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ ಕಳಿಸಿದರು. ಅಲ್ಲಿ ಆಗಲೇ ಬೇರೆ ಸಾಮಿಗಳಿದ್ದರು, ಅವರ ಮಾತಿನ ರೀತಿಯೇ ಬೇರೆ, ಸಾರಂಗ ಸಾಕುವ ಕ್ರಮವೂ ಬೇರೆ. ಅಲ್ಲಿ ಹುಟ್ಟಿದ ಮನಸ್ತಾಪ ಮೊಮ್ಮಕ್ಕಳ ಕಾಲಕ್ಕೂ ಆರಿಲ್ಲ. ಸಾಮಿಗಳಿಗೆ ಸಂಬಂಧಿಸಿದ ಈ ಒಪ್ಪಂದದಲ್ಲಿ ಸಾಮಿಗಳು ಸಹಿದಾರರಾಗಿ ಎಲ್ಲೂ ಇರಲಿಲ್ಲ.

ನೆರೆಯವರ ಪ್ರಭಾವ ಅಂದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನಕಲು ಮಾಡುವುದು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಪ್ರಭಾವ ತಿರುವುಮುರುವಾಗಿ ಕೆಲಸ ಮಾಡುತ್ತದೆ. ನಾರ್ವೆಗೆ ಪೂರ್ವದ ಭಯ ಇತ್ತು. ಉತ್ತರದಲ್ಲಿ ಫಿನ್ನಿಷ್ ಮಾತಾಡುವ ಕ್ವೆನ್ ಜನ ತುಂಬಿದ್ದರು. ಇವರ ಹಿಂದೆ ಫಿನ್‌ಲೆಂಡ್, ಅದರ ಹಿಂದೆ ರಷ್ಯಾ ಬಂದು ಈ ನೆಲವನ್ನೇ ಕೇಳಿದರೆ? ಆ ದಿಗಿಲಿಗೆ ಸಾಮಿಗಳೂ ಸಿಕ್ಕಿಕೊಂಡರು. 1902ರ ಕಾನೂನಿನಂತೆ ಫಿನ್‌ಮಾರ್ಕ್ ಪ್ರಾಂತದಲ್ಲಿ ಸರ್ಕಾರಿ ಜಮೀನು ಬೇಕಿದ್ದರೆ ನಾರ್ವೇಜಿಯನ್ ಭಾಷೆ ಓದಲು, ಬರೆಯಲು, ಮಾತಾಡಲು ಬರಬೇಕಿತ್ತು. 1905ರಿಂದ ಗಡಿಯ ಹತ್ತಿರ ವಸತಿ ಶಾಲೆಗಳು ಎದ್ದವು. ಮಕ್ಕಳನ್ನು ಮನೆಯಿಂದ ತಂದು ನಾರ್ವೇಜಿಯನ್ನರನ್ನಾಗಿ ಮಾಡುವುದು ಉದ್ದೇಶ. ಕೋಟೆ ಕಟ್ಟುವ ಜಾಗದಲ್ಲಿ ಶಾಲೆ ಕಟ್ಟಿದರು ಎನ್ನಬಹುದು.

ಅದೇ ಕಾಲಕ್ಕೆ ಪಕ್ಕದ ಸ್ವೀಡನ್ ಮಾಡಿದ್ದು ಪೂರ್ತಿ ಉಲ್ಟಾ. ಅಲ್ಲಿನ ಘೋಷವಾಕ್ಯ 'ಲ್ಯಾಪ್ ಲ್ಯಾಪ್ ಆಗಿಯೇ ಇರಲಿ' ಎಂಬುದು. ಸಾಮಿ ಅಂದರೆ ಸಾರಂಗ ಕಾಯುತ್ತಾ ಅಲೆಯುವವನು. ಅವನಿಗೆ ಜಾಸ್ತಿ ಓದು ಕೊಟ್ಟರೆ ಕೆಡುತ್ತಾನೆ, ಗಟ್ಟಿ ಮನೆ ಕೊಟ್ಟರೆ ಸೋಮಾರಿಯಾಗುತ್ತಾನೆ ಎಂಬ ಯೋಚನೆ. 1913ರಲ್ಲಿ ಅಲೆಮಾರಿ ಮಕ್ಕಳಿಗೆಂದು ಬೇರೆ ಶಾಲೆಗಳ ವ್ಯವಸ್ಥೆ ತಂದರು, ಕೆಲವು ಶಾಲೆಗಳು ಗುಡಿಸಲಿನಲ್ಲೇ ನಡೆದವು. ಸಾರಂಗ ಸಾಕದ ಸಾಮಿಗಳನ್ನು ಸಾಮಿಗಳೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1922ರಲ್ಲಿ ಉಪ್ಸಾಲಾದಲ್ಲಿ ಸರ್ಕಾರವೇ ಜನಾಂಗ ಜೀವಶಾಸ್ತ್ರದ ಸಂಸ್ಥೆಯೊಂದನ್ನು ತೆರೆಯಿತು. ಅಲ್ಲಿನವರು ಸಾಮಿಗಳ ತಲೆಬುರುಡೆ ಅಳೆದರು, ಬಟ್ಟೆ ಬಿಚ್ಚಿಸಿ ಫೋಟೋ ತೆಗೆದರು. ಒಂದು ದೇಶ ಕರಗಿಸಲು ನೋಡಿತು, ಇನ್ನೊಂದು ಗಾಜಿನ ಪೆಟ್ಟಿಗೆಯಲ್ಲಿಡಲು ನೋಡಿತು. ಎರಡು ಕಡೆಯೂ ಕೊನೆಗೆ ಭೂಮಿಯ ತೀರ್ಮಾನ ಸರ್ಕಾರದ ಕೈಗೇ ಹೋಯಿತು ಎನ್ನುವುದನ್ನು ಗಮನಿಸಿ.

ರಷ್ಯಾದ ಕಡೆ ಈ ಭಯ ಪ್ರಾಣವನ್ನೇ ತೆಗೆಯಿತು. 1930ರ ದಶಕದ ಕೊನೆಯಲ್ಲಿ ಕೋಲಾದ ಸಾಮಿಗಳ ಮೇಲೆ, ಅವರ ಜೊತೆ ಕೆಲಸ ಮಾಡುತ್ತಿದ್ದ ವಿದ್ವಾಂಸ ವಾಸಿಲಿ ಅಲಿಮೊವ್ ಮೇಲೆ, ಬೇರೆ ಸಾಮಿ ರಾಜ್ಯ ಕಟ್ಟಿ ಫಿನ್‌ಲೆಂಡ್ ಜೊತೆ ಸೇರುವ ಸಂಚಿನ ಆರೋಪ ಹೊರಿಸಿದರು. 1938ರಲ್ಲಿ ಅಲಿಮೊವ್ ಅವರನ್ನು ಗುಂಡಿಕ್ಕಿ ಕೊಂದರು. ಅಂಥ ರಾಜ್ಯದ ಯೋಜನೆಯೇ ಇರಲಿಲ್ಲ.

ಇಷ್ಟು ಹೊತ್ತು ಸರ್ಕಾರಗಳ ಕಥೆ ಆಯಿತು. ಆದರೆ ಗಡಿ ದಾಟಿಸುವ ಕೆಲಸ ಮಾಡಿದ್ದು ಬರೀ ಸರ್ಕಾರಗಳಲ್ಲ. ಎಲ್ಸಾ ಲೌಲಾ ರೆನ್‌ಬರ್ಗ್ ಸ್ವೀಡನ್ ಕಡೆ ಹುಟ್ಟಿ, ಮದುವೆಯಾಗಿ ನಾರ್ವೆ ಕಡೆ ಹೋದ ಸಾಮಿ ಮಹಿಳೆ. 1917ರ ಫೆಬ್ರವರಿ 6ರಂದು ನಾರ್ವೆಯ ಟ್ರೊಂಡ್‌ಹೈಮ್ ಪಟ್ಟಣದಲ್ಲಿ ಎರಡೂ ದೇಶಗಳ ಸಾಮಿಗಳು ಮೊದಲ ಬಾರಿ ಒಟ್ಟಿಗೆ ಸಭೆ ಸೇರಿದರು. ಅದರ ಹಿಂದೆ ಮುಖ್ಯವಾಗಿ ಇದ್ದವರು ಆಕೆ. ಇವತ್ತಿಗೂ ನಾಲ್ಕೂ ದೇಶಗಳ ಸಾಮಿಗಳು ಫೆಬ್ರವರಿ 6ನ್ನು ತಮ್ಮ ರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. 1956ರಲ್ಲಿ ಮೂರು ದೇಶಗಳ ಸಾಮಿ ಸಂಘಗಳು ಸೇರಿ ಒಂದು ಜಂಟಿ ಪರಿಷತ್ತು ಕಟ್ಟಿಕೊಂಡವು. ಆಮೇಲಿನ ಎಷ್ಟೋ ಸಂಗತಿಗಳು ಈ ಕಾಲುದಾರಿಯಲ್ಲೇ ನಡೆದವು. ಉತ್ತರ ಸಾಮಿ ಭಾಷೆಗೆ ಮೂರು ದೇಶಗಳಲ್ಲಿ ಬೇರೆ ಬೇರೆ ಕಾಗುಣಿತ ಇತ್ತು. ನಾರ್ವೆಯಲ್ಲಿ ಅಚ್ಚಾದ ಪುಸ್ತಕವನ್ನು ಫಿನ್‌ಲೆಂಡಿನ ಮಗು ಓದಲು ತಡವರಿಸಬೇಕಿತ್ತು. 1979ರಲ್ಲಿ ಮೂರೂ ಕಡೆಗೆ ಒಂದೇ ಕಾಗುಣಿತ ಬಂತು. 1986ರಲ್ಲಿ ಎಲ್ಲರಿಗೂ ಒಂದೇ ಬಾವುಟವೂ ಆಯಿತು.

ಇನ್ನು ಸಾಮಿ ಸಂಸತ್ತುಗಳ ವಿಷಯ. ನೆರೆಯವರ ಪ್ರಭಾವ ಎಷ್ಟು, ಎಲ್ಲಿಯವರೆಗೆ ಎನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. ಮೊದಲು ಹೆಜ್ಜೆ ಇಟ್ಟದ್ದು ಫಿನ್‌ಲೆಂಡ್. 1973ರಲ್ಲೇ ಸಾಮಿಗಳು ಮತ ಹಾಕಿ ಆರಿಸುವ ಒಂದು ಮಂಡಳಿ ಅಲ್ಲಿ ಬಂತು. ಅಧಿಕಾರ ಕಡಿಮೆ, ಸಲಹೆ ಕೊಡುವ ಮಂಡಳಿ ಅಷ್ಟೇ. ಆದರೂ ಸಾಮಿಗಳಿಂದಲೇ ಆಯ್ಕೆಯಾದ ಸಂಸ್ಥೆ ಇರಲು ಸಾಧ್ಯ ಎಂಬುದನ್ನು ಅದು ತೋರಿಸಿತು.

ನಾರ್ವೆಯನ್ನು ಅಲುಗಾಡಿಸಿದ್ದು ಆಲ್ಟಾ ನದಿಯ ಅಣೆಕಟ್ಟು. ಮೊದಲ ಯೋಜನೆಯಂತೆ ಕಟ್ಟಿದ್ದರೆ ಮಾಸೆ ಎಂಬ ಸಾಮಿ ಹಳ್ಳಿ ಮುಳುಗುತ್ತಿತ್ತು. ಪ್ರತಿಭಟನೆಯಿಂದ ಹಳ್ಳಿ ಉಳಿಯಿತು, ಯೋಜನೆ ಚಿಕ್ಕದಾಯಿತು, ನಿಲ್ಲಲಿಲ್ಲ. 1979ರ ಅಕ್ಟೋಬರ್‌ನಲ್ಲಿ ಸಾಮಿ ಯುವಕರು ಓಸ್ಲೋದ ಸಂಸತ್ತಿನ ಎದುರು ತಮ್ಮ ಗುಡಾರ ಹಾಕಿ ಉಪವಾಸ ಕೂತರು. 1981ರ ಜನವರಿಯಲ್ಲಿ ಆ ಕೊರೆವ ಚಳಿಯಲ್ಲಿ ಸರಪಳಿ ಕಟ್ಟಿಕೊಂಡು ಕೂತವರನ್ನು ಎಬ್ಬಿಸಲು ಸುಮಾರು 600 ಪೊಲೀಸರು ಹೋದರು. ಜಗತ್ತಿಗೆಲ್ಲ ಮಾನವ ಹಕ್ಕುಗಳ ಪಾಠ ಹೇಳುವ ದೇಶ ತನ್ನ ಮನೆಯಲ್ಲೇ ಸಿಕ್ಕಿಬಿತ್ತು. ಅಣೆಕಟ್ಟು ಎದ್ದಿತು, ಸುಪ್ರೀಂ ಕೋರ್ಟ್ 1982ರಲ್ಲಿ ಸರ್ಕಾರದ ಪರವಾಗಿಯೇ ಹೇಳಿತು. ಆದರೆ ಹೋರಾಟದ ನಡುವೆಯೇ, 1980ರಲ್ಲಿ, ಸರ್ಕಾರ ಸಾಮಿ ಹಕ್ಕುಗಳ ಸಮಿತಿ ನೇಮಿಸಿತ್ತು. ಅದರ ಅಧ್ಯಕ್ಷ ಕಾರ್ಸ್ಟೆನ್ ಸ್ಮಿತ್ ಎಂಬ ಕಾನೂನು ಪಂಡಿತ, ಮುಂದೆ ದೇಶದ ಮುಖ್ಯ ನ್ಯಾಯಮೂರ್ತಿಯಾದವರು. 1987ರಲ್ಲಿ ಸಾಮಿ ಕಾಯಿದೆ, 1988ರಲ್ಲಿ ಸಂವಿಧಾನದಲ್ಲಿ ಸಾಮಿಗಳ ಪ್ರಸ್ತಾಪ, 1989ರಲ್ಲಿ ಕರಾಶೊಕ್ ಊರಲ್ಲಿ ಸಾಮಿ ಸಂಸತ್ತು.

ಈಗ ಸ್ವೀಡನ್ ಮೇಲೆ ಕಣ್ಣು ಬಿತ್ತು. ನಾರ್ವೆಯಲ್ಲಿದೆ, ಫಿನ್‌ಲೆಂಡಿನಲ್ಲೂ ಒಂದು ರೀತಿಯದ್ದಿದೆ, ನಮಗೆ ಯಾಕಿಲ್ಲ? ನಾಲ್ಕು ವರ್ಷದಲ್ಲಿ, 1993ರಲ್ಲಿ, ಅಲ್ಲೂ ಸಾಮಿ ಸಂಸತ್ತು ಬಂತು. 1996ರಲ್ಲಿ ಫಿನ್‌ಲೆಂಡ್ ತನ್ನ ಹಳೆಯ ಮಂಡಳಿಯನ್ನು ಬದಲಿಸಿ ಅದನ್ನೇ ಸಂಸತ್ತು ಮಾಡಿತು. ಚೆನ್ನಾಗಿದೆ ಅಲ್ವಾ? ಒಳಗೆ ಇಣುಕಿದರೆ ಬೇರೆಯೇ ಕಾಣುತ್ತದೆ. ಸ್ವೀಡನ್‌ನ ಸಾಮಿ ಸಂಸತ್ತು ಚುನಾಯಿತ ಸಂಸ್ಥೆಯೂ ಹೌದು, ಸರ್ಕಾರದ ಒಂದು ಇಲಾಖೆಯೂ ಹೌದು. ಸರ್ಕಾರವನ್ನು ಪ್ರಶ್ನಿಸಬೇಕಾದವರೇ ಸರ್ಕಾರದ ಆದೇಶ ಪಾಲಿಸಬೇಕು. ಇನ್ನೊಂದು ಸಂಗತಿಯಂತೂ ನನಗೆ ಮರೆಯಲು ಆಗುವುದಿಲ್ಲ. ಸಂಸತ್ತು ಕೊಟ್ಟ ಅದೇ 1993ರಲ್ಲಿ ಸ್ವೀಡನ್ ಸರ್ಕಾರ ಸಾಮಿಗಳ ಬೆಟ್ಟಗಳಲ್ಲಿ ಸಣ್ಣ ಬೇಟೆಯ, ಅಂದರೆ ಸಣ್ಣ ಪ್ರಾಣಿ ಪಕ್ಷಿಗಳ ಬೇಟೆಯ ಪರವಾನಗಿಯನ್ನು ಎಲ್ಲರಿಗೂ ಮುಕ್ತ ಮಾಡಿತು. ಒಂದು ಕೈಯಲ್ಲಿ ಕುರ್ಚಿ ಕೊಟ್ಟು ಇನ್ನೊಂದು ಕೈಯಲ್ಲಿ ನೆಲ ತೆಗೆದುಕೊಂಡಂತೆ.

ಕ್ಷಮೆಯೂ ಹೀಗೆಯೇ ಗಡಿ ದಾಟಿತು. 1997ರಲ್ಲಿ ನಾರ್ವೆಯ ದೊರೆ ಐದನೇ ಹರಾಲ್ಡ್ ಸಾಮಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮರುವರ್ಷವೇ ಸ್ವೀಡನ್ ಸರ್ಕಾರದ ಸಚಿವೆ ಕ್ಷಮೆ ಕೇಳಿದರು. ನಂತರ ಸತ್ಯ ಶೋಧನಾ ಆಯೋಗಗಳ ಸರದಿ. ಇಲ್ಲಿ ಮಾದರಿ ಬಂದದ್ದು ಸಮುದ್ರದ ಆಚೆಯಿಂದ. ಕೆನಡಾದಲ್ಲಿ ಮೂಲನಿವಾಸಿ ಮಕ್ಕಳ ವಸತಿ ಶಾಲೆಗಳ ಬಗ್ಗೆ ತನಿಖೆ ಮಾಡಿದ ಆಯೋಗ 2015ರಲ್ಲಿ 94 ಶಿಫಾರಸುಗಳನ್ನು ಕೊಟ್ಟಿತ್ತು. ವಸತಿ ಶಾಲೆ ಎಂದ ಕೂಡಲೇ ನಾರ್ವೆಯ ಸಾಮಿಗಳಿಗೆ ತಮ್ಮ ಅಜ್ಜಿಯರ ನೆನಪು ಬಂದರೆ ಆಶ್ಚರ್ಯವೇನು. 2018ರಲ್ಲಿ ನಾರ್ವೆ ಆಯೋಗ ನೇಮಿಸಿತು, 2021ರಲ್ಲಿ ಫಿನ್‌ಲೆಂಡ್ ಮತ್ತು ಸ್ವೀಡನ್ ಎರಡೂ ಅದೇ ದಾರಿ ಹಿಡಿದವು. ನಾರ್ವೆಯ ವರದಿ 2023ರ ಜೂನ್‌ನಲ್ಲಿ ಬಂತು, 2024ರ ನವೆಂಬರ್ 12ರಂದು ಅಲ್ಲಿನ ಸಂಸತ್ತು ಸಾಮಿ, ಕ್ವೆನ್ ಮತ್ತು ಫಿನ್‌ಲೆಂಡ್ ಮೂಲದ ಕಾಡು ಫಿನ್ ಜನರ ಕ್ಷಮೆ ಕೇಳಿತು. ಇದನ್ನೆಲ್ಲ ಹಗುರವಾಗಿ ಕಾಣುತ್ತಿಲ್ಲ. ಅಜ್ಜಿಯ ಬಾಯಿಂದ ಭಾಷೆ ಕಿತ್ತುಕೊಂಡದ್ದು ತಪ್ಪು ಎಂದು ದೇಶವೇ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಕ್ಷಮೆಗೆ ಎಕರೆ ಲೆಕ್ಕ ಇರುವುದಿಲ್ಲ. ಅದಕ್ಕೇ ಅದು ಬೇಗ ಹರಡುತ್ತದೆ.

ಎಕರೆ ಲೆಕ್ಕ ಬರುವುದು 169ನೇ ಒಪ್ಪಂದದಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1989ರಲ್ಲಿ ರೂಪಿಸಿದ ಈ ಒಪ್ಪಂದ ಮೂಲನಿವಾಸಿಗಳು ಸಾಂಪ್ರದಾಯಿಕವಾಗಿ ಬಳಸಿದ ಭೂಮಿಯ ಮೇಲೆ ಅವರ ಹಕ್ಕನ್ನು ಮಾನ್ಯ ಮಾಡಬೇಕು ಎನ್ನುತ್ತದೆ. 1990ರಲ್ಲಿ ಜಗತ್ತಿನಲ್ಲೇ ಮೊದಲು ಅದನ್ನು ಸ್ಥಿರೀಕರಿಸಿದ, ಅಂದರೆ ಪಾಲಿಸುವುದಾಗಿ ಅಧಿಕೃತವಾಗಿ ಒಪ್ಪಿದ ದೇಶ ನಾರ್ವೆ. ಫಲವಾಗಿ 2005ರಲ್ಲಿ ಫಿನ್‌ಮಾರ್ಕ್ ಕಾಯಿದೆ ಬಂತು. ಆ ಪ್ರಾಂತದ ಸುಮಾರು 95 ಶೇಕಡಾ ಭೂಮಿ ಸರ್ಕಾರದ ಕೈಯಿಂದ ಸ್ಥಳೀಯ ಸಂಸ್ಥೆಯೊಂದಕ್ಕೆ ಹೋಯಿತು. ಅದರ ಮಂಡಳಿಯಲ್ಲಿ ಆರು ಜನ. ಮೂವರನ್ನು ಸಾಮಿ ಸಂಸತ್ತು ಆರಿಸುತ್ತದೆ, ಮೂವರನ್ನು ಪ್ರಾಂತದ ಮಂಡಳಿ. ಸುಮಾರು 46,000 ಚದರ ಕಿಲೋಮೀಟರ್. ಕರ್ನಾಟಕದ ಕಾಲು ಭಾಗದಷ್ಟು ಜಾಗ ಅಂದುಕೊಳ್ಳಿ.

ಸ್ವೀಡನ್, ಫಿನ್‌ಲೆಂಡ್? ಮೂವತ್ತು ವರ್ಷ ದಾಟಿದರೂ ಸ್ಥಿರೀಕರಿಸಿಲ್ಲ. ಎರಡೂ ದೇಶಗಳ ಸರ್ಕಾರಗಳು ಸಮಿತಿ ನೇಮಿಸುತ್ತವೆ, ವರದಿ ಬರುತ್ತದೆ, ಕಪಾಟು ಸೇರುತ್ತದೆ. ಫಿನ್‌ಲೆಂಡಿನ ಸಾಮಿ ಪ್ರದೇಶದಲ್ಲಿ ಸುಮಾರು 90 ಶೇಕಡಾ ಭೂಮಿ ಸರ್ಕಾರದ್ದು, ಮರದ ವ್ಯವಹಾರ ದೊಡ್ಡದು. ಸ್ವೀಡನ್‌ನ ಉತ್ತರದಲ್ಲಿ ಕಬ್ಬಿಣದ ಗಣಿ, ಕಾಡು, ಜಲವಿದ್ಯುತ್. ಮೇಲಾಗಿ ಸಾಮಿ ಎಂದರೆ ಯಾರು ಎಂಬ ಜಗಳ ಫಿನ್‌ಲೆಂಡಿನಲ್ಲಿ ಇನ್ನೂ ಆರಿಲ್ಲ. ನೂರಾರು ವರ್ಷ ಹಿಂದಿನ ತೆರಿಗೆ ಪುಸ್ತಕದಲ್ಲಿ ಪೂರ್ವಜರ ಹೆಸರಿನ ಮುಂದೆ ಲ್ಯಾಪ್ ಎಂದಿದ್ದರೆ ಸಾಕೇ, ಅಥವಾ ಮನೆಯಲ್ಲಿ ಸಾಮಿ ಭಾಷೆ ಇರಬೇಕೇ? ಹಲವು ಸರ್ಕಾರಗಳ ಪ್ರಯತ್ನ ಸೋತ ಮೇಲೆ 2025ರಲ್ಲಿ ಅಲ್ಲಿನ ಸಾಮಿ ಸಂಸತ್ತಿನ ಕಾಯಿದೆಗೆ ತಿದ್ದುಪಡಿ ಬಂತು. ಭೂಮಿಯ ಹಕ್ಕು ಮಾತ್ರ ಇನ್ನೂ ಸರತಿಯಲ್ಲಿ ನಿಂತಿದೆ.

ನಾವು ಬೆರಳು ತೋರಿಸುವಂತಿಲ್ಲ ಬಿಡಿ. ಅದೇ ಕಾರ್ಮಿಕ ಸಂಸ್ಥೆಯ ಹಿಂದಿನ 107ನೇ ಒಪ್ಪಂದವನ್ನು ಭಾರತ 1958ರಲ್ಲಿ ಒಪ್ಪಿಕೊಂಡಿತು. ಬುಡಕಟ್ಟು ಜನರನ್ನು ನಿಧಾನವಾಗಿ ಮುಖ್ಯವಾಹಿನಿಗೆ ಬೆರೆಸುವ ಧಾಟಿ ಅದರದ್ದು. ಆ ಧಾಟಿ ತಪ್ಪೆಂದು ಬಂದ 169ಕ್ಕೆ ನಾವು ಸೇರಿಲ್ಲ. ಪಕ್ಕದ ನೇಪಾಳ 2007ರಲ್ಲೇ ಸೇರಿತು, ದಕ್ಷಿಣ ಏಷ್ಯಾದಲ್ಲಿ ಅದೊಂದೇ. ನೆರೆಯವರು ಮಾಡಿದ ಮಾತ್ರಕ್ಕೆ ನಾವು ಮಾಡುವುದಿಲ್ಲ ಎನ್ನುವುದಕ್ಕೆ ಸ್ವೀಡನ್‌ವರೆಗೆ ಹೋಗಬೇಕಿಲ್ಲ.

ಹಾಗಾದರೆ ಭೂಮಿಯ ವಿಷಯದಲ್ಲಿ ನೆರೆಯವರ ಪ್ರಭಾವ ಸೊನ್ನೆಯೇ? ಇತ್ತೀಚೆಗೆ ಒಂದು ಕಿಟಕಿ ತೆರೆದಿದೆ, ಅದೂ ಕೋರ್ಟಿನ ಗೋಡೆಯಲ್ಲಿ. 1993ರ ಆ ಬೇಟೆ ಪರವಾನಗಿ ನೆನಪಿದೆಯಲ್ಲ? ಗಿರ್ಯಾಸ್ ಎಂಬ ಸಾಮಿ ಸಾರಂಗ ಸಂಘ 2009ರಲ್ಲಿ ಅದರ ವಿರುದ್ಧ ಕೋರ್ಟಿಗೆ ಹೋಯಿತು. 2020ರ ಜನವರಿ 23ರಂದು ಸ್ವೀಡನ್‌ನ ಸುಪ್ರೀಂ ಕೋರ್ಟ್ ಸಂಘದ ಪರವಾಗಿ ತೀರ್ಪು ಕೊಟ್ಟಿತು. ಆ ಜಾಗದಲ್ಲಿ ಸಣ್ಣ ಬೇಟೆ ಮತ್ತು ಮೀನುಗಾರಿಕೆಗೆ ಅನುಮತಿ ಕೊಡುವ ಹಕ್ಕು ಸಂಘದ್ದು, ಸರ್ಕಾರದ್ದಲ್ಲ. ತೀರ್ಪಿನ ಒಳಗೆ ಒಂದು ಸ್ವಾರಸ್ಯ ಇದೆ. ಸ್ವೀಡನ್ ಸೇರದ ಅದೇ 169ನೇ ಒಪ್ಪಂದವನ್ನು ನ್ಯಾಯಮೂರ್ತಿಗಳು ಪರಿಗಣಿಸಿದರು. ಮೂಲನಿವಾಸಿಗಳ ರೂಢಿಗಳಿಗೆ ಬೆಲೆ ಕೊಡಬೇಕೆಂಬ ಅದರ ಮಾತು ಈಗ ಅಂತರರಾಷ್ಟ್ರೀಯ ಕಾನೂನಿನ ಸಾಮಾನ್ಯ ತತ್ವ, ಸಹಿ ಹಾಕದಿದ್ದರೂ ಅನ್ವಯಿಸುತ್ತದೆ ಎಂದರು. ಮುಂಬಾಗಿಲಲ್ಲಿ 30 ವರ್ಷ ತಡೆದದ್ದು ಕಿಟಕಿಯಿಂದ ಸ್ವಲ್ಪ ಒಳಗೆ ಬಂತು.

ಮುಂದಿನ ವರ್ಷ ಜೂನ್‌ನಲ್ಲಿ ಸ್ವೀಡನ್‌ನ ಸಾರಿವುಓಮಾ ಎಂಬ ಸಾರಂಗ ಸಂಘ ನಾರ್ವೆಯ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ತಮ್ಮ ಹಿರಿಯರು ಅನಾದಿಯಿಂದ ಬಳಸಿದ ಮೇವಿನ ಜಾಗ ಗಡಿಯ ಆಚೆ ಇದ್ದರೂ ಹಕ್ಕು ತಮ್ಮದೇ ಎಂಬುದು ಅವರ ವಾದ. ಅದೇ ಅಕ್ಟೋಬರ್‌ನಲ್ಲಿ ಫೋಸೆನ್ ತೀರ್ಪು. 2022ರ ಏಪ್ರಿಲ್‌ನಲ್ಲಿ ಫಿನ್‌ಲೆಂಡಿನ ಸುಪ್ರೀಂ ಕೋರ್ಟ್, ಪರವಾನಗಿ ಇಲ್ಲದೆ ತಮ್ಮೂರ ನದಿಯಲ್ಲಿ ಮೀನು ಹಿಡಿದ ಸಾಮಿಗಳ ಮೇಲಿನ ಆರೋಪವನ್ನು ತಳ್ಳಿಹಾಕಿತು. ಎರಡೂಕಾಲು ವರ್ಷದ ಒಳಗೆ ಮೂರು ದೇಶಗಳ ಸರ್ವೋಚ್ಚ ನ್ಯಾಯಾಲಯಗಳಲ್ಲಿ ನಾಲ್ಕು ಗೆಲುವು. ಕೋರ್ಟುಗಳು ಒಂದನ್ನೊಂದು ನಕಲು ಮಾಡಿದವು ಎನ್ನುತ್ತಿಲ್ಲ. ಪ್ರತಿ ಮೊಕದ್ದಮೆಯ ಕಾನೂನು ಬೇರೆ. ಆದರೆ ಗಡಿಯಾಚೆ ಒಂದು ಗೆಲುವು ಬಂದರೆ ಈಚೆಯ ಸಾಮಿ ವಕೀಲರಿಗೆ, ಹೋರಾಟಗಾರರಿಗೆ ಧೈರ್ಯ ಬರುತ್ತದೆ. ಓಸ್ಲೋದ ಆ ನೆಲದ ಮೇಲೆ ಸ್ವೀಡನ್‌ನವರು ಬಂದು ಕೂತದ್ದು ಇದೇ ಕಾರಣಕ್ಕೆ ನನಗೆ ವಿಚಿತ್ರ ಅನಿಸುವುದಿಲ್ಲ.

ಬೆಲೆಯೂ ಇದೆ. ಗಿರ್ಯಾಸ್ ತೀರ್ಪಿನ ನಂತರ ಸಾಮಿಗಳಿಗೆ ಬೆದರಿಕೆ ಬಂದವು, ಸಾರಂಗಗಳನ್ನು ಯಾರೋ ಕೊಂದು ಬಿಸಾಡಿದ ವರದಿಗಳು ಬಂದವು. ಫೋಸೆನ್‌ನಲ್ಲಿ ಗಾಳಿಯಂತ್ರ ಒಂದೂ ಇಳಿಯಲಿಲ್ಲ. ಸರ್ಕಾರ ಕ್ಷಮೆ ಕೇಳಿತು, 2023ರ ಕೊನೆ ಮತ್ತು 2024ರ ಆರಂಭದಲ್ಲಿ ಸಾರಂಗ ಸಾಕುವವರ ಜೊತೆ ಪರಿಹಾರದ ಒಪ್ಪಂದಗಳಾದವು, ಅಷ್ಟೇ.

ಮೂರೂ ದೇಶಗಳಿಗೆ ಒಂದೇ ನಿಯಮ ಮಾಡುವ ಪ್ರಯತ್ನವೂ ಇದೆ. ಅದೇ ಕಾರ್ಸ್ಟೆನ್ ಸ್ಮಿತ್ ಅಧ್ಯಕ್ಷತೆಯ ತಜ್ಞರ ಗುಂಪು 2005ರಲ್ಲಿ ನಾರ್ಡಿಕ್ ಸಾಮಿ ಒಪ್ಪಂದದ ಕರಡು ಕೊಟ್ಟಿತು. ಹಗ್ಗಜಗ್ಗಾಟ ನಡೆದು 2017ರಲ್ಲಿ ಒಂದು ಪಠ್ಯಕ್ಕೆ ಮೂರೂ ದೇಶಗಳ ಪ್ರತಿನಿಧಿಗಳು ಒಪ್ಪಿದರು. ಜಾರಿಗೆ ಬಂದಿಲ್ಲ. ಅದೇ 2017ರಲ್ಲಿ ನಾರ್ವೆ ಮತ್ತು ಫಿನ್‌ಲೆಂಡ್ ಗಡಿಯಾಗಿ ಹರಿಯುವ ತಾನಾ ನದಿಯ ಸಾಲ್ಮನ್ ಮೀನಿನ ಬಗ್ಗೆ ಒಪ್ಪಂದ ಜಾರಿಗೆ ತಂದವು, ಅದಕ್ಕೆ ಅಷ್ಟು ತಡವಾಗಲಿಲ್ಲ. ನದಿಯ ದಡದ ಸಾಮಿಗಳು ತಮ್ಮ ಮಾತು ಕೇಳಲಿಲ್ಲ ಎಂದು ಪ್ರತಿಭಟಿಸಿದರು. ಸರ್ಕಾರಗಳು ಮನಸ್ಸು ಮಾಡಿದರೆ ಬೇಗ ಒಪ್ಪಂದ ಮಾಡಿಕೊಳ್ಳುತ್ತವೆ ಎಂಬುದಕ್ಕೆ ಸಾಕ್ಷಿ ಅದೇ.

ಈಗ ಹೊಸ ಒತ್ತಡ ಬಂದಿದೆ. 2023ರ ಜನವರಿಯಲ್ಲಿ ಸ್ವೀಡನ್‌ನ ಸರ್ಕಾರಿ ಗಣಿ ಕಂಪನಿ ಕಿರುನಾ ಬಳಿ ಹತ್ತು ಲಕ್ಷ ಟನ್‌ಗೂ ಜಾಸ್ತಿ ಅಪರೂಪದ ಲೋಹಗಳ ನಿಕ್ಷೇಪ ಸಿಕ್ಕಿದೆ ಎಂದು ಹೇಳಿತು. ಎಲೆಕ್ಟ್ರಿಕ್ ಕಾರು, ಗಾಳಿಯಂತ್ರಕ್ಕೆ ಬೇಕಾದ ಲೋಹಗಳು. ಚೀನಾವನ್ನೇ ನಂಬಿದ್ದ ಯುರೋಪಿಗೆ ಹಬ್ಬ. ಆ ನಿಕ್ಷೇಪ ಇರುವುದು ಗಬ್ನಾ ಎಂಬ ಸಾರಂಗ ಸಂಘದ ಹಿಂಡುಗಳು ಓಡಾಡುವ ದಾರಿಯಲ್ಲಿ. ಹಿಂದೆ ನೆರೆಯ ದೇಶದ ಸೈನ್ಯದ ಭಯಕ್ಕೆ ಸಾಮಿಗಳ ನೆಲ ಬೇಕಾಗಿತ್ತು. ಈಗ ನೆರೆಯ ದೇಶಗಳ ಬ್ಯಾಟರಿಗೆ, ಕರೆಂಟಿಗೆ ಬೇಕಾಗಿದೆ.

ರಷ್ಯಾದ ಕಡೆಯ ಬಾಗಿಲಂತೂ ಪೂರ್ತಿ ಮುಚ್ಚಿದೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ 1992ರಲ್ಲಿ ಕೋಲಾದ ಸಾಮಿಗಳು ಜಂಟಿ ಪರಿಷತ್ತಿಗೆ ಸೇರಿದ್ದರು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಪರಿಷತ್ತು ರಷ್ಯಾದ ಸದಸ್ಯ ಸಂಘಗಳ ಜೊತೆಗಿನ ಸಂಬಂಧವನ್ನು ತಡೆಹಿಡಿಯಿತು.

2023ರ ಬೇಸಿಗೆಯ ಒಂದು ಸುದ್ದಿ. ನಾರ್ವೆ ಮತ್ತು ರಷ್ಯಾ ಗಡಿಯ ಬೇಲಿ ಹಳೆಯದಾಗಿ ಅಲ್ಲಲ್ಲಿ ಮುರಿದಿತ್ತು. 42 ಹಿಮಸಾರಂಗಗಳು ರಷ್ಯಾಕ್ಕೆ ದಾಟಿ ಪಾಸ್ವಿಕ್ ಅಭಯಾರಣ್ಯದಲ್ಲಿ ಮೇದವು. ರಷ್ಯಾ ಬಿಲ್ಲು ಕಳಿಸಿತು. ಒಂದೊಂದು ಸಾರಂಗಕ್ಕೆ 50,000 ಕ್ರೋನರ್‌ನಷ್ಟು ಒಂದು ಲೆಕ್ಕ, ಮೇದ ದಿನಗಳಿಗೆ ಒಟ್ಟು 4.7 ಕೋಟಿ ಕ್ರೋನರ್ ಇನ್ನೊಂದು ಲೆಕ್ಕ. ನಾರ್ವೆ 7 ಕಿಲೋಮೀಟರ್ ಬೇಲಿಯನ್ನು ಹೊಸದಾಗಿ ಕಟ್ಟಲು ಶುರು ಮಾಡಿತು. 40 ಸಾರಂಗಗಳು ವಾಪಸ್ ಬಂದವು. ಮತ್ತೆ ಅದೇ ಹುಲ್ಲು ಹುಡುಕಿಕೊಂಡು ಆಚೆ ಹೋಗಬಹುದು ಎಂಬ ಭಯಕ್ಕೆ ಅವನ್ನು ಕೊಂದರು.